‘ಬ್ಯಾಂಬಿ’: ಗ್ರಂಥ, ಭಾಷಾಂತರ, ಚಿತ್ರ

೧

ಆಸ್ಟ್ರಿಯಾ ದೇಶದ ಗ್ರಂಥಕರ್ತನಾದ ಫೆಲಿಕ್ಸ್ ಸಾಲ್ಟನ್ನನ ‘ಬ್ಯಾಂಬಿ’ ಎಂಬ ಕಾದಂಬರಿಯನ್ನು ಇಂಗ್ಲಿಷ್ ಪುಸ್ತಕದಿಂದ ಕನ್ನಡಕ್ಕೆ ತಿರುಗಿಸಿಕೊಳ್ಳುತ್ತ, ನನ್ನ ಮೊಮ್ಮಗಳಿಗೆ ರಾತ್ರಿಗೊಂದು ಅಧ್ಯಾಯದಂತೆ ಹೇಳುತ್ತಿದ್ದೆನು. ಅವಳು ಅದರ ಚಲಚ್ಚಿತ್ರವನ್ನು ಮೊದಲೇ ನೋಡಿದ್ದಳು. ಕಥೆ ಅರ್ಧಕ್ಕೆ ಬಂದಿತ್ತು. ಅವಳು ತಾಳ್ಮೆಗೆಟ್ಟು, “ಅಜ್ಜಾ, ಕಾಡಿಗೆ ಬೆಂಕಿ ಬೀಳೋದು ಯಾವಾಗ?” ಎಂದು ಕೇಳಿದಳು. ಕಾದಂಬರಿಯಲ್ಲಿ ಕಾಡಿಗೆ ಬೆಂಕಿ ಬೀಳುವುದೇ ಇಲ್ಲ. ಹಿಂಗಾಲಿನಿಂದ ನೆಲವನ್ನು ಬಡಿಯುವ ಆ ತುಂಟ ಮೊಲದ ಮರಿಯೂ ಅದರಲ್ಲಿಲ್ಲ. ಹೂವಿನ ಹೆಸರು ಹೊತ್ತ ಸ್ಕಂಕ್ ಎಂಬ ಪ್ರಾಣಿಯೂ ಇಲ್ಲ. ಸ್ಕಂಕು ಅಮೆರಿಕದ ಕಾಡುಗಳಲ್ಲಿರುವುದೇ ಹೊರತು ಯೂರೋಪಿನ ಪ್ರಾಣಿಯಲ್ಲ. ಹೀಗೆ ಒಂದೊಂದನ್ನೂ ಕೇಳಿ, ಇಲ್ಲವೆಂಬ ಉತ್ತರವನ್ನು ಪಡೆದು, ಕೊನೆಗೆ ಅವಳು, “ಹಾಗಾದ್ರೆ ಇದು ಬೇರೆ ಬ್ಯಾಂಬಿ” ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಒಂದು ಕೃತಿಯು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ, ಅಲ್ಲಿಂದ ಬೆಳ್ಳಿತೆರೆಗೆ ಸಾಗುವಾಗ ಮಾರ್ಪಡುವುದು ಸಹಜ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಂದಿನಿಂದ ನಾವೂ ಮಾತನಾಡುವ ಮೃಗಗಳನ್ನು ಪರಭಾಷೆಯಿಂದ ಬರಮಾಡಿಕೊಂಡು ನಮ್ಮವನ್ನಾಗಿ ಮಾಡಿಕೊಂಡವರೇ ಆಗಿದ್ದೇವೆ. ಆದುದರಿಂದ ಮಾರ್ಪಾಟನ್ನೇ ದೋಷವೆನ್ನುವುದು ನ್ಯಾಯವಲ್ಲ. ಯಾವ ಅಂಗವು ಮಾರ್ಪಟ್ಟರೆ ಕೃತಿಯ ಪ್ರಾಣಕ್ಕೆ ಪೆಟ್ಟಾಗುವುದಿಲ್ಲ, ಯಾವುದು ಹೋದರೆ ಪ್ರಾಣವೇ ಹೋಗುತ್ತದೆ ಎಂಬುದನ್ನು ವಿವೇಚಿಸುವುದು ವಿಮರ್ಶಕನ ಕರ್ತವ್ಯ. ‘ಬ್ಯಾಂಬಿ’ಯ ವಿಷಯದಲ್ಲಿ ಈ ವಿವೇಚನೆಯನ್ನು ಮಾಡುವುದು ಈ ಲೇಖನದ ಉದ್ದೇಶ.

೨

ಸಾಲ್ಟನ್ನನು ಹುಟ್ಟಿದ್ದು ೧೮೬೯ರಲ್ಲಿ, ಹಂಗೆರಿಯ ಪೆಸ್ಟ್ ನಗರದ ಒಂದು ಯೆಹೂದ್ಯ ಕುಟುಂಬದಲ್ಲಿ. ಅವನ ಜನ್ಮನಾಮ ಸೀಗ್‌ಮುಂಡ್ ಸಾಲ್ಜ್‌ಮನ್. ಹಸುಗೂಸಾಗಿದ್ದಾಗಲೇ ತಂದೆತಾಯಿಗಳೊಡನೆ ವಿಯೆನ್ನಾಕ್ಕೆ ಬಂದು, ಅಲ್ಲಿಯೇ ಬೆಳೆದು, ಪತ್ರಿಕಾಲೇಖಕನಾಗಿ ಹೆಸರು ಪಡೆದನು. ‘ಬ್ಯಾಂಬಿ’ಯು ೧೯೨೨ರಲ್ಲಿ ವಿಯೆನ್ನಾದ ಒಂದು ದಿನಪತ್ರಿಕೆಯಲ್ಲಿ ಭಾಗಭಾಗವಾಗಿ ಅಚ್ಚಾಯಿತು, ಪುಸ್ತಕರೂಪದಲ್ಲಿ ಬರ್ಲಿನ್ನಿನಿಂದ ಹೊರಬಿದ್ದಾಗ ಅದರ ಮುಖಪುಟ ಹೊತ್ತ ವರ್ಷ ೧೯೨೩. ದಿನಪತ್ರಿಕೆಯನ್ನು ಓದುವ ಪ್ರೌಢರಿಗಾಗಿ ಬರೆದ ಕಥೆಯಿದು, ಮಕ್ಕಳ ಪುಸ್ತಕವಲ್ಲ ಎಂಬುದನ್ನು ವಾಚಕರು ಮೊದಲು ನೆನಪಿನಲ್ಲಿಡಬೇಕು.

ಕಥಾವಸ್ತುವು ಸರಳವಾದದ್ದು. ಕಾಡಿನ ಪೊದೆಯೊಂದರಲ್ಲಿ ಬ್ಯಾಂಬಿ ಹುಟ್ಟುತ್ತದೆ. ತಾಯಿಯಿಂದ ಹಾದಿ, ಹುಲ್ಲುಗಾವಲು, ಗಾಳಿಯ ವಾಸನೆ ಇವುಗಳನ್ನು ಅರಿಯುತ್ತದೆ. ಅರಿಯುವ ಮೊದಲ ಪಾಠವೆಂದರೆ ಭಯ. ಹಗಲಿನಲ್ಲಿ ಬಯಲಿಗೆ ಹೋಗಬಾರದು. ಹೋಗುವ ಮುನ್ನ ನಿಂತು ಆಲಿಸಬೇಕು. ತಾಯಿ ಓಡೆಂದರೆ ಹಿಂದಿರುಗಿ ನೋಡದೆ ಓಡಬೇಕು. ಕಾಡೇನೂ ತಪೋವನವಲ್ಲ. ಮುಂಗುಸಿಯಂತಹ ಪ್ರಾಣಿಯೊಂದು ಇಲಿಯನ್ನು ಕೊಲ್ಲುವುದನ್ನು ಬ್ಯಾಂಬಿಯು ಎಳವೆಯಲ್ಲಿಯೇ ಕಾಣುತ್ತದೆ. ಚಳಿಗಾಲದ ಹಸಿವಿನಲ್ಲಿ ಕಾಗೆಗಳು ಮೊಲದ ಮರಿಯನ್ನು ಕುಕ್ಕಿ ಕೊಲ್ಲುತ್ತವೆ. ಇವೆಲ್ಲಕ್ಕೂ ಮೇಲೆ ‘ಅವನು’ ಇದ್ದಾನೆ. ಮನುಷ್ಯನಿಗೆ ಆ ಕಾಡಿನಲ್ಲಿ ಬೇರೆ ಹೆಸರಿಲ್ಲ. ಅವನು ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಅವನ ಮುಖ ಬಿಳಿಚಿಕೊಂಡದ್ದು. ದೂರದಿಂದಲೇ ಸಿಡಿಲಿನಂತೆ ಕೊಲ್ಲುವ ಮೂರನೆಯದೊಂದು ಕೈ ಅವನಿಗಿದೆ ಎಂದು ಮೃಗಗಳು ತಮ್ಮತಮ್ಮೊಳಗೆ ಪಿಸುಗುಟ್ಟುತ್ತವೆ. ಹಿಮ ಬಿದ್ದ ಕಾಲದಲ್ಲಿ ಒಂದು ದಿನ ನಡೆದ ದೊಡ್ಡ ಬೇಟೆಯಲ್ಲಿ ಬ್ಯಾಂಬಿಯ ತಾಯಿ ಕಾಣೆಯಾಗುತ್ತದೆ. ಅನಂತರ ಕಾಡಿನ ಅತಿ ವೃದ್ಧವಾದ ಗಂಡುಮೃಗವೊಂದು ಆಗಾಗ ಎದುರಾಗಿ, ಬದುಕಬೇಕಾದರೆ ಒಂಟಿಯಾಗಿರುವುದನ್ನು ಕಲಿಯಬೇಕೆಂದು ಅದಕ್ಕೆ ಬೋಧಿಸುತ್ತದೆ. ಬ್ಯಾಂಬಿಯು ತಾನು ಒಲಿದ ಫಲೀನೆಯನ್ನೂ ಕ್ರಮೇಣ ಅಗಲಿ, ಏಕಾಂತವನ್ನು ಸೇರುತ್ತದೆ. ಕೊನೆಯಲ್ಲಿ ತಾಯಿಗಾಗಿ ಅಳುತ್ತಿರುವ ಎರಡು ಮರಿಗಳನ್ನು ಕಂಡು, ತನ್ನನ್ನು ಹಿಂದೊಮ್ಮೆ ಆ ವೃದ್ಧಮೃಗವು ಗದರಿಸಿದಂತೆಯೇ ತಾನು ಅವುಗಳನ್ನು ಗದರಿಸಿ ಹೊರಟುಹೋಗುತ್ತದೆ.

ಕಥೆಯ ನಡುವೆ ಗೋಬೋ ಎಂಬ ದುರ್ಬಲ ಮೃಗದ ಪ್ರಸಂಗವೊಂದಿದೆ. ಅದು ಫಲೀನೆಯ ಒಡಹುಟ್ಟು. ಬೇಟೆಯ ದಿನ ಹಿಮದಲ್ಲಿ ಕುಸಿದು ಬಿದ್ದ ಅದನ್ನು ಮನುಷ್ಯನು ಕೊಲ್ಲದೆ ಮನೆಗೆ ಕೊಂಡೊಯ್ದು ಸಾಕುತ್ತಾನೆ. ಕೊರಳಿಗೆ ಕಟ್ಟಿದ ಪಟ್ಟಿಯನ್ನು ಬಿರುದಿನಂತೆ ಮೆರೆಸುತ್ತ ಅದು ಕಾಡಿಗೆ ಮರಳುತ್ತದೆ. ಅವನು ಒಳ್ಳೆಯವನು, ತನಗೆ ಅವನಿಂದ ಅಪಾಯವಿಲ್ಲ ಎಂದು ಎಲ್ಲರ ಮುಂದೆಯೂ ಹೇಳುತ್ತದೆ. ವೃದ್ಧಮೃಗವು ಅದನ್ನು ಕಂಡು ಕನಿಕರಿಸುತ್ತದೆ. ಕೆಲವು ಕಾಲದ ಮೇಲೆ ಹಾಡಹಗಲಿನಲ್ಲಿ, ಬಯಲಿನಲ್ಲಿ, ಆ ನಂಬಿಕೆಯಿಂದಲೇ ಗೋಬೋ ಗುಂಡಿಗೆ ಬಲಿಯಾಗುತ್ತದೆ.

ಮುಂದೆ ಇತಿಹಾಸವು ಈ ಪ್ರಸಂಗಕ್ಕೆ ಇನ್ನೊಂದು ಅರ್ಥವನ್ನು ಕೂಡಿಸಿತು. ೧೯೩೦ರ ದಶಕದಲ್ಲಿ ನಾಜಿ ಸರ್ಕಾರವು ಸಾಲ್ಟನ್ನನ ಗ್ರಂಥಗಳನ್ನು ನಿಷೇಧಿಸಿತು. ೧೯೩೮ರಲ್ಲಿ ಆಸ್ಟ್ರಿಯಾವು ಜರ್ಮನಿಯ ವಶವಾಯಿತು. ಮರುವರ್ಷ ಅವನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರವನ್ನು ಸೇರಿ, ೧೯೪೫ರಲ್ಲಿ ಅಲ್ಲಿಯೇ ತೀರಿಕೊಂಡನು. ಇದನ್ನೆಲ್ಲ ನೆನೆದು ಈ ಕಾದಂಬರಿಯನ್ನು ಯೆಹೂದ್ಯರ ಪಾಡಿನ ರೂಪಕವೆಂದೂ, ಗೋಬೋ ಎಂದರೆ ಹಿಂಸಿಸುವವರನ್ನು ನಂಬಿ ಅವರಲ್ಲಿ ಒಂದಾಗಲು ಹೋದವರ ಪ್ರತಿಮೆಯೆಂದೂ ವ್ಯಾಖ್ಯಾನಿಸುವವರುಂಟು. ೨೦೨೨ರಲ್ಲಿ ಹೊಸ ಇಂಗ್ಲಿಷ್ ಭಾಷಾಂತರವನ್ನು ಪ್ರಕಟಿಸಿದ ಜ್ಯಾಕ್ ಜೈಪ್ಸ್ ಎಂಬ ವಿದ್ವಾಂಸರು ಈ ಮತದವರು. ಗ್ರಂಥ ಹುಟ್ಟಿದ್ದು ಹಿಟ್ಲರನು ಅಧಿಕಾರಕ್ಕೆ ಬಂದ ೧೯೩೩ಕ್ಕಿಂತ ಹತ್ತು ವರ್ಷ ಮೊದಲು. ಆದರೂ ಯೆಹೂದ್ಯದ್ವೇಷವು ವಿಯೆನ್ನಾಕ್ಕೆ ಆಗ ಹೊಸದಾಗಿರಲಿಲ್ಲವಾದುದರಿಂದ ಈ ವ್ಯಾಖ್ಯಾನ ನಿರಾಧಾರವಲ್ಲ. ಆದರೆ ಧ್ವನಿಯೆಂಬುದು ಒಗಟಲ್ಲ. ಬಿಡಿಸಿದ ಮೇಲೆ ವಾಚ್ಯಾರ್ಥವನ್ನು ಬಿಸುಡುವಂತಿಲ್ಲ. ಸಾಲ್ಟನ್ನನು ಸ್ವತಃ ಬೇಟೆಗಾರನಾಗಿದ್ದನು. ಕಾಡನ್ನೂ ಮೃಗವನ್ನೂ ಕಣ್ಣಾರೆ ಕಂಡು ಬರೆದನು. ಗೋಬೋ ಮೊದಲು ಮೃಗ. ಮೃಗವಾಗಿ ನಮ್ಮ ಎದೆಯನ್ನು ಮುಟ್ಟಿದ ಮೇಲೆಯೇ ಬೇರೆಯ ಅರ್ಥಗಳು ಹೊಳೆಯತಕ್ಕವು.

೩

ಇನ್ನು ಭಾಷಾಂತರದ ಮಾತು. ೧೯೨೮ರಲ್ಲಿ ‘ಬ್ಯಾಂಬಿ’ಯನ್ನು ಇಂಗ್ಲಿಷಿಗೆ ತಂದವನು ವಿಟೇಕರ್ ಚೇಂಬರ್ಸ್. ಆಗ ಅವನು ಸಮತಾವಾದದ ಪಕ್ಷದಲ್ಲಿದ್ದ ತರುಣ. ಇಪ್ಪತ್ತು ವರ್ಷಗಳ ಮೇಲೆ ಆ ಪಕ್ಷಕ್ಕೇ ವಿರುದ್ಧವಾಗಿ ಸಾಕ್ಷಿ ನುಡಿದು ಅಮೆರಿಕದ ರಾಜಕೀಯದಲ್ಲಿ ಹೆಸರಾದನು. ಅವನ ಇಂಗ್ಲಿಷು ತಿಳಿಯಾದದ್ದು, ಓಟವುಳ್ಳದ್ದು. ಗ್ರಂಥವು ಲೋಕಪ್ರಸಿದ್ಧವಾದುದು ಅದರಿಂದಲೇ. ಆದರೂ ಮೊದಲ ಪುಟದಲ್ಲಿಯೇ ಒಂದು ವ್ಯತ್ಯಾಸ ಕಾಣುತ್ತದೆ. ಮೂಲದ ಉಪಶೀರ್ಷಿಕೆಯು ‘ಕಾಡಿನಿಂದ ಬಂದ ಒಂದು ಜೀವನಚರಿತ್ರೆ’ ಎಂಬ ಅರ್ಥದ್ದು. ಮಹಾಪುರುಷರಿಗೆ ಸಲ್ಲುವ ‘ಚರಿತ್ರೆ’ ಎಂಬ ಮಾತನ್ನು ಒಂದು ಕಾಡುಮೃಗಕ್ಕೆ ಸಲ್ಲಿಸಿದುದರಲ್ಲಿಯೇ ಗ್ರಂಥಕರ್ತನ ಅಭಿಪ್ರಾಯವಿದೆ. ಚೇಂಬರ್ಸನ ಇಂಗ್ಲಿಷಿನಲ್ಲಿ ಅದು ‘ಕಾಡಿನಲ್ಲಿ ಒಂದು ಬಾಳು’ ಎಂದಾಯಿತು. ಇಂಗ್ಲಿಷ್ ಬಲ್ಲವರಿಗೆ ಆ ಮಾತು ಥೋರೋ ಮಹಾಶಯನ ‘ವಾಲ್ಡೆನ್’ ಗ್ರಂಥದ ಉಪಶೀರ್ಷಿಕೆಯನ್ನು ನೆನಪಿಗೆ ತರುತ್ತದೆ. ಚರಿತ್ರೆಯ ಗಾಂಭೀರ್ಯ ಹೋಗಿ ವನವಾಸದ ಹಿತವೊಂದು ಸುಳಿಯುತ್ತದೆ. ೨೦೨೨ರ ಭಾಷಾಂತರದಲ್ಲಿ ಜೈಪ್ಸರು ‘ಕಥೆ’ ಎಂಬ ಮಾತನ್ನು ಹಿಂದಕ್ಕೆ ತಂದಿದ್ದಾರೆ.

ಎರಡನೆಯದು ಸಂಬೋಧನೆಯ ಭೇದ. ಜರ್ಮನ್ ಭಾಷೆಯಲ್ಲಿ ನಮ್ಮಲ್ಲಿರುವಂತೆಯೇ ‘ನೀನು’ ‘ನೀವು’ ಎಂಬ ಎರಡು ಬಗೆ ಉಂಟು. ಇಂದಿನ ಇಂಗ್ಲಿಷಿನಲ್ಲಿ ಒಂದೇ. ಸಲಿಗೆ, ಸಂಕೋಚ, ಗೌರವ ಇವುಗಳೆಲ್ಲ ಇಂಗ್ಲಿಷಿನ ಆ ಒಂದೇ ಮಾತಿನಲ್ಲಿ ಕರಗಿಹೋಗುತ್ತವೆ. ಇಂಗ್ಲಿಷಿನಿಂದ ಕನ್ನಡಿಸಹೊರಟವನು ಮೂಲದಲ್ಲಿ ಇದ್ದ ಭೇದವನ್ನು ಪ್ರತಿಯೊಂದು ಸಂಭಾಷಣೆಯಲ್ಲಿಯೂ ಊಹೆಯಿಂದ ಮತ್ತೆ ಕಟ್ಟಬೇಕಾಗುತ್ತದೆ. ಮರಿಯು ವೃದ್ಧಮೃಗವನ್ನು ‘ನೀವು’ ಎನ್ನಬೇಕೋ ‘ತಾವು’ ಎನ್ನಬೇಕೋ ಎಂದು ನಾನೇ ಒಂದು ರಾತ್ರಿ ತಡವರಿಸಿದ್ದುಂಟು. ಕಡೆಗೆ ‘ತಾವು’ ಎಂದೆನು. ಮೊಮ್ಮಗಳು ನಕ್ಕಳು, ಆದರೆ ಒಪ್ಪಿಕೊಂಡಳು.

ಮೃಗದ ಹೆಸರಿನದೂ ಚಿಕ್ಕ ತೊಡಕಲ್ಲ. ಮೂಲದ ಮೃಗವು ಯೂರೋಪಿನ ಸಣ್ಣ ಜಾತಿಯ ಹರಿಣ. ಚಳಿಗಾಲವೊಂದನ್ನು ಬಿಟ್ಟರೆ ಬಹುಮಟ್ಟಿಗೆ ಒಂಟಿಯಾಗಿ ಪೊದೆಗಳಲ್ಲಿ ಬಾಳುವಂಥದು. ನಾವು ಅದನ್ನು ‘ಜಿಂಕೆ’ ಎಂದರೆ ಬಯಲುಸೀಮೆಯ ಕೃಷ್ಣಮೃಗವೋ ಬಂಡೀಪುರದ ಚುಕ್ಕೆಯ ಜಿಂಕೆಯೋ ಕಣ್ಣಿಗೆ ಕಟ್ಟುತ್ತದೆ. ಇವೆರಡೂ ಹಿಂಡಿನ ಪ್ರಾಣಿಗಳು. ಏಕಾಂತವೇ ಜ್ಞಾನವೆಂದು ಸಾರುವ ಕಥೆಗೆ ಹೊಂದುವುದಿಲ್ಲ. ಸ್ವಭಾವದಿಂದ ಹತ್ತಿರವಾದದ್ದು ನಮ್ಮ ಮಲೆನಾಡಿನ ಕಾಡುಕುರಿ. ಆದರೆ ‘ಕುರಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾಡಿನ ರಾಜಗಾಂಭೀರ್ಯವು ಮಾಯವಾಗುತ್ತದೆ. ಅಮೆರಿಕದ ಚಿತ್ರಕಾರರು ಈ ತೊಡಕನ್ನು ಸುಲಭವಾಗಿ ಪರಿಹರಿಸಿಕೊಂಡರು. ತಮ್ಮ ದೇಶದ ಬಿಳಿಬಾಲದ ಜಿಂಕೆಯನ್ನೇ ನಾಯಕನನ್ನಾಗಿ ಮಾಡಿದರು. ಮೇಯ್ನ್ ಪ್ರಾಂತದಿಂದ ಎರಡು ಮರಿಗಳನ್ನು ತರಿಸಿ, ಅವುಗಳ ನಡೆಯನ್ನು ಎದುರಿಗಿಟ್ಟುಕೊಂಡು ಬರೆದರು.

ಎಲ್ಲಕ್ಕಿಂತ ಮುಖ್ಯವಾದದ್ದು ‘ಅವನು’ ಎಂಬ ಸರ್ವನಾಮ. ಜರ್ಮನ್ ಬರವಣಿಗೆಯಲ್ಲಿ ನಾಮಪದಗಳಿಗೆಲ್ಲ ದೊಡ್ಡಕ್ಷರವುಂಟು, ಈ ಸರ್ವನಾಮಕ್ಕೆ ಇಲ್ಲ. ಸಾಲ್ಟನ್ನನು ಮನುಷ್ಯನನ್ನು ಕುರಿತ ‘ಅವನು’ ಎಂಬುದಕ್ಕೆ ಮಾತ್ರ ದೊಡ್ಡಕ್ಷರ ತೊಡಿಸಿದನು. ದೇವರನ್ನು ಕುರಿತು ಬರೆಯುವ ರೀತಿಯದು. ಇಂಗ್ಲಿಷಿನಲ್ಲಿಯೂ ಆ ಪದ್ಧತಿ ಇರುವುದರಿಂದ ಚೇಂಬರ್ಸನು ಅದನ್ನು ಹಾಗೆಯೇ ಉಳಿಸಿದನು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಹಾಗೆಂದು ನಾವು ಬಡವರಲ್ಲ. ಎಲ್ಲವೂ ಅವನ ಕೈಯಲ್ಲಿದೆ ಎಂದರೆ ಯಾರ ಕೈಯೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕತ್ತಲಾದ ಮೇಲೆ ಹಾವಿನ ಹೆಸರನ್ನೆತ್ತದೆ ‘ಹುಳ’ ಎನ್ನುವ ಹಳ್ಳಿಯವರ ವಾಡಿಕೆಯೂ ನಮಗೆ ಗೊತ್ತು. ದೇವರನ್ನು ಹೆಸರಿಸದ ಭಕ್ತಿ, ಹಾವನ್ನು ಹೆಸರಿಸದ ಭಯ, ಇವೆರಡೂ ಕೂಡಿದರೆ ಆ ಕಾಡಿನ ‘ಅವನು’ ಆಗುತ್ತಾನೆ. ಇದಲ್ಲದೆ ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮೃಗಗಳೆಲ್ಲ ‘ಅದು’, ಮನುಷ್ಯನೊಬ್ಬನೇ ‘ಅವನು’. ಮೃಗಗಳಿಗೆ ‘ಅದು’ ಎಂಬುದನ್ನೇ ಬಳಸಿದ ಭಾಷಾಂತರದಲ್ಲಿ, ದೊಡ್ಡಕ್ಷರ ಮಾಡುವ ಕೆಲಸವನ್ನು ನಮ್ಮ ವ್ಯಾಕರಣವೇ ಸದ್ದಿಲ್ಲದೆ ಮಾಡುತ್ತದೆ. ಭಾಷಾಂತರದಲ್ಲಿ ಕಳೆದುಕೊಳ್ಳುವುದಷ್ಟೇ ಅಲ್ಲ, ಪಡೆಯುವುದೂ ಉಂಟೆಂಬುದಕ್ಕೆ ಇದು ನಿದರ್ಶನ.

೪

ಕಾದಂಬರಿಯನ್ನು ಚಿತ್ರವಾಗಿಸುವ ಹಕ್ಕನ್ನು ೧೯೩೩ರಲ್ಲಿ ಸಿಡ್ನಿ ಫ್ರ್ಯಾಂಕ್ಲಿನ್ ಎಂಬ ಅಮೆರಿಕದ ನಿರ್ದೇಶಕನು ಸಾಲ್ಟನ್ನನಿಂದ ಸಾವಿರ ಡಾಲರಿಗೆ ಕೊಂಡನು. ಜೀವಂತ ಪ್ರಾಣಿಗಳನ್ನಿಟ್ಟುಕೊಂಡು ಅಂತಹ ಚಿತ್ರವನ್ನು ತೆಗೆಯುವುದು ಅಸಾಧ್ಯವೆಂದು ಕಂಡು, ಅದನ್ನು ವಾಲ್ಟ್ ಡಿಸ್ನಿಗೆ ವಹಿಸಿದನು. ಚಿತ್ರವು ೧೯೪೨ರ ಆಗಸ್ಟಿನಲ್ಲಿ, ಮಹಾಯುದ್ಧದ ನಡುವೆ, ತೆರೆಗೆ ಬಂದಿತು.

ಅದರ ಗುಣಗಳನ್ನು ಮೊದಲು ಹೇಳುವುದು ಧರ್ಮ. ಎಪ್ಪತ್ತು ನಿಮಿಷಗಳ ಚಿತ್ರದಲ್ಲಿ ಆಡುವ ಮಾತುಗಳು ಬಹಳ ಕಡಮೆ. ಟೈರಸ್ ವಾಂಗ್ ಎಂಬ ಚೀನಾಸಂಜಾತ ಕಲಾವಿದನು ಚೀನದ ಸೋಂಗ್ ವಂಶದ ಕಾಲದ ಚಿತ್ರಗಳಿಂದ ಸ್ಫೂರ್ತಿ ಪಡೆದು, ಎಲೆಯೆಲೆಯನ್ನೂ ಬಿಡಿಸದೆ, ಮಂಜು ನೆರಳು ಬೆಳಕುಗಳಿಂದಲೇ ಕಾಡನ್ನು ಸೂಚಿಸುವ ಶೈಲಿಯನ್ನು ಚಿತ್ರಕ್ಕೆ ಕೊಟ್ಟನು. ಕಾದಂಬರಿಯಲ್ಲಿ ಕೊಂಬೆಯ ಮೇಲೆ ಉಳಿದ ಎರಡು ಹಣ್ಣೆಲೆಗಳು ಸಾವನ್ನು ಕುರಿತು ಮಾತನಾಡುವ ಒಂದು ಪುಟ್ಟ ಅಧ್ಯಾಯವಿದೆ. ಚಿತ್ರದಲ್ಲಿ ಎರಡು ಎಲೆಗಳು ಮಾತಿಲ್ಲದೆ ಉದುರುತ್ತವೆ. ಮಾತನ್ನು ಬಿಟ್ಟು ಅರ್ಥವನ್ನು ಉಳಿಸಿಕೊಂಡ ಇಂತಹ ಎಡೆಗಳಲ್ಲಿ ಚಿತ್ರಕಲೆಯು ಕಾವ್ಯಕ್ಕೆ ಸರಿಸಮನಾಗಿ ನಿಂತಿದೆ. ತಾಯಿಯ ಮರಣವನ್ನು ತೋರಿಸದೆ ಗುಂಡಿನ ಸದ್ದಿನಿಂದಲೂ ಅನಂತರದ ಮೌನದಿಂದಲೂ ತಿಳಿಸಿರುವುದು ಔಚಿತ್ಯವನ್ನು ಬಲ್ಲವರ ಕೆಲಸ.

ಆದರೆ ಒಂದು ಪ್ರಬಂಧದಲ್ಲಿ ಹಲವು ರಸಗಳಿದ್ದರೂ ಒಂದು ಅಂಗಿಯಾಗಿ ಉಳಿದವು ಅಂಗವಾಗಿರಬೇಕೆಂದು ಆನಂದವರ್ಧನನು ಹೇಳಿದ್ದಾನೆ. ಸಾಲ್ಟನ್ನನ ಗ್ರಂಥದಲ್ಲಿ ಭಯಾನಕವು ಮೊದಲಿಂದ ಬೆಳೆದು ಕೊನೆಗೆ ಶಾಂತದಲ್ಲಿ ನಿಲ್ಲುತ್ತದೆ. ಚಿತ್ರದಲ್ಲಿ ಅಂಗಿಯಾಗಿರುವುದು ವಾತ್ಸಲ್ಯ. ಭಯವೂ ಶೋಕವೂ ನಡುನಡುವೆ ಬಂದುಹೋಗುವ ಮೋಡಗಳು. ಗ್ರಂಥದ ಮೃಗಗಳು ಒಂದನ್ನೊಂದು ಕೊಂದು ತಿನ್ನುತ್ತವೆ. ಚಿತ್ರದ ಕಾಡಿನಲ್ಲಿ ಗೂಬೆಯೂ ಮೊಲವೂ ಗೆಳೆಯರು. ಗ್ರಂಥದ ಬ್ಯಾಂಬಿಯು ಏಕಾಂತದಲ್ಲಿ ಮರೆಯಾಗುತ್ತದೆ. ಚಿತ್ರದಲ್ಲಿ ಫಲೀನೆಗೆ ಅವಳಿ ಮರಿಗಳು ಹುಟ್ಟಿ, ತಂದೆಯು ಬೆಟ್ಟದ ತುದಿಯಲ್ಲಿ ನಿಂತು ನೋಡುವಲ್ಲಿಗೆ ಮಂಗಳವಾಗುತ್ತದೆ. ಗೋಬೋ ಚಿತ್ರದಲ್ಲಿ ಇಲ್ಲವೇ ಇಲ್ಲ. ಗಾಯಗೊಂಡ ನರಿಯು ತನ್ನನ್ನು ಅಟ್ಟಿಬಂದ ಬೇಟೆನಾಯಿಯನ್ನು ಸ್ವಜನದ್ರೋಹಿಯೆಂದು ಜರೆಯುವ, ನಾಯಿಯು ತನ್ನೊಡೆಯನ ಮಹಿಮೆಯನ್ನು ಕೊಂಡಾಡುತ್ತ ಅದನ್ನು ಕೊಲ್ಲುವ ಘೋರಪ್ರಸಂಗವೂ ಇಲ್ಲ. ಅವುಗಳ ಬದಲಿಗೆ ಬಂದದ್ದು ಕಾಳ್ಗಿಚ್ಚು. ಲೋಕವು ಆ ಬೆಂಕಿಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿತು: ೧೯೪೪ರಲ್ಲಿ ಅಮೆರಿಕದಲ್ಲಿ ಕಾಡಿನ ಬೆಂಕಿಯನ್ನು ತಡೆಯಿರೆಂದು ಜನರಿಗೆ ಹೇಳುವ ಭಿತ್ತಿಪತ್ರಗಳಲ್ಲಿ ಬ್ಯಾಂಬಿಯ ಚಿತ್ರವನ್ನೇ ಬಳಸಿದರು.

ಚಿತ್ರವು ಬೇಟೆಗಾರರನ್ನು ಕೆರಳಿಸಿತೆಂಬುದೂ ಗಮನಿಸತಕ್ಕ ಸಂಗತಿ. ಬೇಟೆಯ ಪತ್ರಿಕೆಯೊಂದರ ಸಂಪಾದಕನು ಇದು ಅಮೆರಿಕದ ಬೇಟೆಗಾರರಿಗೆ ಮಾಡಿದ ಅಪಮಾನವೆಂದು ೧೯೪೨ರಲ್ಲಿಯೇ ಡಿಸ್ನಿಗೆ ತಂತಿ ಕಳುಹಿಸಿದನು. ಹದಿನಾಲ್ಕು ವರ್ಷಗಳ ಹಿಂದೆ ಇಂಗ್ಲಿಷ್ ಭಾಷಾಂತರಕ್ಕೆ ಮುನ್ನುಡಿ ಬರೆದ ಜಾನ್ ಗಾಲ್ಸ್‌ವರ್ದಿಯು ಬೇಟೆಯಾಡುವವರು ಈ ಪುಸ್ತಕವನ್ನು ವಿಶೇಷವಾಗಿ ಓದಬೇಕೆಂದಿದ್ದನು. ಗ್ರಂಥದಲ್ಲಿ ಬೇಟೆಗಾರನಿಗೂ ಕಲಿಯತಕ್ಕದ್ದಿತ್ತು. ಚಿತ್ರದಲ್ಲಿ ಅವನಿಗೆ ಉಳಿದದ್ದು ಬೈಗುಳ ಮಾತ್ರ. ಈ ವ್ಯತ್ಯಾಸ ಎಲ್ಲಿಂದ ಬಂದಿತು?

೫

ಕಾದಂಬರಿಯ ಕೊನೆಯ ಭಾಗದಲ್ಲಿ ವೃದ್ಧಮೃಗವು ಬ್ಯಾಂಬಿಯನ್ನು ಒಂದು ಸ್ಥಳಕ್ಕೆ ಕರೆದೊಯ್ಯುತ್ತದೆ. ಗಾಳಿಯಲ್ಲಿ ‘ಅವನ’ ವಾಸನೆ. ಬ್ಯಾಂಬಿಯ ಮೈಯೆಲ್ಲ ನಡುಗಿದರೂ ವೃದ್ಧಮೃಗವು ಓಡಗೊಡುವುದಿಲ್ಲ. ಮುಂದೆ ಹೋಗಿ ನೋಡಿದರೆ ಅವನು ನೆಲದ ಮೇಲೆ ಅಂಗಾತನೆ ಬಿದ್ದಿದ್ದಾನೆ. ಕೊರಳಲ್ಲಿ ಗಾಯ, ರಕ್ತ. ಯಾರೋ ಕೊಂದ ಒಬ್ಬ ಕಳ್ಳಬೇಟೆಗಾರ. ಇವನು ಸರ್ವಶಕ್ತನಲ್ಲ, ಇವನಿಗೂ ನಮ್ಮಂತೆಯೇ ಭಯವುಂಟು, ಸಂಕಟವುಂಟು, ಸಾವುಂಟು ಎಂದು ವೃದ್ಧಮೃಗವು ತಿಳಿಸುತ್ತದೆ. ಹಾಗಾದರೆ ನಿನಗೆ ಅರ್ಥವಾದದ್ದೇನು ಎಂದು ಕೇಳಿದಾಗ, ನಮ್ಮ ಮೇಲೂ ಅವನ ಮೇಲೂ ಬೇರೊಬ್ಬನಿದ್ದಾನೆ ಎಂದು ಬ್ಯಾಂಬಿಯು ಮೆಲ್ಲನೆ ನುಡಿಯುತ್ತದೆ. ಆ ಮೇಲೆ ವೃದ್ಧಮೃಗವು ನಿಶ್ಚಿಂತೆಯಿಂದ ಸಾಯಲು ಹೊರಡುತ್ತದೆ.

ಇದೇ ಗ್ರಂಥದ ಕಳಶ. ಮೊದಲ ಅಧ್ಯಾಯದಿಂದ ‘ಅವನು’ ಎಂಬ ಮಾತಿಗೆ ಕೂಡಿಸುತ್ತ ಬಂದ ದೈವತ್ವವನ್ನೆಲ್ಲ ಸಾಲ್ಟನ್ನನು ಇಲ್ಲಿ ಇಳಿಸಿಬಿಡುತ್ತಾನೆ. ಕನ್ನಡದಲ್ಲಿ ಇದನ್ನು ಹೇಳುವಾಗ ನನ್ನ ಬಾಯಿಂದ ನಾನರಿಯದೆಯೇ ‘ಹೆಣ’ ಎಂಬ ಮಾತು ಬಂದಿತು. ಹೆಣವೆಂದ ಮೇಲೆ ‘ಅವನು’ ಹೋಗಿ ‘ಅದು’ ಬಂದಿತು. ಇಷ್ಟು ಹೊತ್ತೂ ಮೃಗಗಳಿಗೆ ಸಲ್ಲುತ್ತಿದ್ದ ಮಾತು ಈಗ ಅವನಿಗೂ ಸಂದಿತು.

ಈ ಸನ್ನಿವೇಶವು ಚಿತ್ರದಲ್ಲಿಲ್ಲ. ಚಿತ್ರದ ತಾಯಿಜಿಂಕೆಯು ಮರಿಗೆ ಅಪಾಯವನ್ನು ತಿಳಿಸುವಾಗ ‘ಮನುಷ್ಯ’ ಎಂದು ಹೆಸರನ್ನೇ ಎತ್ತುತ್ತದೆ. ಆದರೆ ಆ ಮನುಷ್ಯನು ಮೊದಲಿಂದ ಕಡೆಯವರೆಗೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕಾದಂಬರಿಯಲ್ಲಿ ಅವನಿಗೆ ಹೆಸರಿಲ್ಲ, ದೇಹವಿದೆ. ಚಿತ್ರದಲ್ಲಿ ಹೆಸರಿದೆ, ದೇಹವಿಲ್ಲ. ಕಾಣದ ಮನುಷ್ಯನು ಕಂಡವನಿಗಿಂತ ಹೆಚ್ಚು ಭಯಂಕರನೆಂಬುದು ನಿಜ. ನಾಟಕದೃಷ್ಟಿಯಿಂದ ಅದು ಜಾಣತನವೇ ಸರಿ. ಆದರೆ ದೇಹವಿಲ್ಲದವನಿಗೆ ಸಾವಿಲ್ಲ. ಗುಂಡಿನ ಸದ್ದಾಗಿ, ಬೆಂಕಿಯಾಗಿ, ನೆರಳಾಗಿ ಅವನು ವಿಧಿಯಂತೆ ಉಳಿದುಬಿಡುತ್ತಾನೆ. ಗ್ರಂಥವು ಕಿತ್ತುಕೊಂಡ ದೈವತ್ವವನ್ನು ಚಿತ್ರವು ತಿಳಿಯದೆಯೇ ಅವನಿಗೆ ಮರಳಿ ಕೊಟ್ಟಿದೆ, ದುಷ್ಟದೈವವೆಂಬುದಷ್ಟೇ ಭೇದ. ಆದುದರಿಂದಲೇ ಚಿತ್ರವನ್ನು ಕಂಡ ಬೇಟೆಗಾರನು ತನ್ನನ್ನು ರಾಕ್ಷಸನೆಂದರೆಂದು ಸಿಟ್ಟಾದನು. ಗ್ರಂಥವನ್ನು ಓದಿದ್ದರೆ, ತನ್ನನ್ನೂ ಒಂದು ಜೀವಿಯೆಂದಿದ್ದಾರೆಂದು ತಿಳಿದು ಒಂದು ಗಳಿಗೆ ಸುಮ್ಮನೆ ಕುಳಿತಿದ್ದಾನು.

ನನ್ನ ದೃಷ್ಟಿಯಲ್ಲಿ, ಜಿಂಕೆಯ ಜಾತಿ ಬದಲಾದದ್ದಾಗಲಿ ಸ್ಕಂಕು ಸೇರಿದ್ದಾಗಲಿ ಕಾಳ್ಗಿಚ್ಚು ಎದ್ದದ್ದಾಗಲಿ ದೊಡ್ಡ ನಷ್ಟವಲ್ಲ. ಈ ಒಂದು ಸನ್ನಿವೇಶವು ಬಿದ್ದುಹೋದದ್ದೇ ನಷ್ಟ. ಮನುಷ್ಯನು ಮೃಗಕ್ಕೆ ದಯೆ ತೋರಬೇಕೆಂಬುದು ಚಿತ್ರದ ಬೋಧೆ, ಅದು ಒಳ್ಳೆಯದೇ. ದಯೆ ಮಾತ್ರ ಮೇಲಿರುವವನು ಕೆಳಗಿರುವವನಿಗೆ ಕೊಡುವಂಥದು. ಗೋಬೋವಿಗೂ ಅದು ಸಿಕ್ಕಿತ್ತು. ಮೇಲು ಕೆಳಗೆಂಬುದೇ ಇಲ್ಲ, ಒಂದೇ ನೆಲದ ಮೇಲೆ ಒಂದೇ ಸಾವಿಗೆ ಒಳಪಟ್ಟ ಜೀವಿಗಳೆಂಬುದು ಗ್ರಂಥದ ದರ್ಶನ. ಮಕ್ಕಳಿಗೆ ಇದು ಭಾರವೆಂದು ಚಿತ್ರಕಾರರು ಭಾವಿಸಿರಬಹುದು. ನಮ್ಮಲ್ಲಿ ಪುಣ್ಯಕೋಟಿಯ ಕಥೆಯನ್ನು ತೊಟ್ಟಿಲ ಮಕ್ಕಳಿಗೂ ಹಾಡುತ್ತೇವೆ. ಅದರಲ್ಲಿ ಹಸಿದ ಹುಲಿಯೂ ಉಂಟು, ಸಾವೂ ಉಂಟು. ಮಕ್ಕಳು ತಾಳಲಾರರೆಂಬ ಮಾತನ್ನು ಹಿರಿಯರು ಹೆಚ್ಚಾಗಿ ತಮಗೋಸ್ಕರವೇ ಹೇಳಿಕೊಳ್ಳುತ್ತಾರೆಂದು ನನಗೆ ತೋರುತ್ತದೆ.

ಆ ಅಧ್ಯಾಯವನ್ನು ಹೇಳಿದ ರಾತ್ರಿ ಮೊಮ್ಮಗಳು ಬೆಂಕಿಯನ್ನಾಗಲಿ ಮೊಲವನ್ನಾಗಲಿ ಕೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಅಜ್ಜಾ, ಹಾಗಾದ್ರೆ ಅವನಿಗೂ ಭಯ ಆಗ್ತಿತ್ತಾ?” ಎಂದಳು. ಹೌದೆಂದೆನು. ಚಿತ್ರವನ್ನು ಮೂರು ಸಲ ನೋಡಿದಾಗಲೂ ಈ ಪ್ರಶ್ನೆ ಅವಳಿಗೆ ಹುಟ್ಟಿರಲಿಲ್ಲ.

ಚಿತ್ರವನ್ನು ನೋಡಬಾರದೆಂದು ನಾನು ಹೇಳುವವನಲ್ಲ. ಅದರ ಕಾಡು ಕಣ್ಣಿಗೆ ಹಬ್ಬ. ನೋಡಿದವರು ಅಷ್ಟಕ್ಕೇ ನಿಲ್ಲದೆ ಗ್ರಂಥವನ್ನೂ ಮನೆಗೆ ತರಲಿ ಎಂಬುದು ನನ್ನ ಬಿನ್ನಹ. ಜರ್ಮನ್ ಬಲ್ಲ ಕನ್ನಡಿಗರು ಮೂಲದಿಂದಲೇ ಅದನ್ನು ನೇರವಾಗಿ ನಮ್ಮ ಭಾಷೆಗೆ ತಿರುಗಿಸಲು ಕೈಹಾಕಿದರೆ, ಕಾಡುಕುರಿಯ ತೊಡಕು ಹೇಗಾದರೂ ಬಗೆಹರಿದೀತು. ‘ಅವನು’ ಎಂಬುದಕ್ಕೆ ಬೇಕಾದ ಬಲ ನಮ್ಮ ಮಾತಿನಲ್ಲಿ ಆಗಲೇ ಇದೆ.